ಕಣ್ಣಿಗಾಗಿ ಗ್ರಂಥಿ ತೆತ್ತವರು

ಇನ್ಸುಲಿನ್ ಬರುವುದಕ್ಕೆ ಮೊದಲು ಸಕ್ಕರೆ ಕಾಯಿಲೆಯ ಮಕ್ಕಳು ಕುರುಡರಾಗುತ್ತಿರಲಿಲ್ಲ. ಕಣ್ಣು ಹೋಗುವಷ್ಟು ಕಾಲ ಅವರು ಬದುಕುತ್ತಲೇ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಅಲೆನ್ ಹೇಳಿಕೊಟ್ಟ ಉಪವಾಸ ಚಿಕಿತ್ಸೆಯೇ ಆ ಕಾಲದ ದೊಡ್ಡ ಆಸರೆ. ಮಗು ಎಲುಬಿನ ಹಂದರವಾಗಿಯಾದರೂ ಇನ್ನೊಂದು ವರ್ಷ ಉಳಿದರೆ ಅದೇ ಗೆಲುವು. 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಮೇದೋಜ್ಜೀರಕದ ರಸವನ್ನು ಚುಚ್ಚಿದರು. ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಅವರ ಸಂಗಡಿಗ ಕಾಲಿಪ್ ಅದನ್ನು ಶುದ್ಧಿ ಮಾಡಿಕೊಟ್ಟ ಮೇಲೆ 23ರಂದು ಮತ್ತೆ ಚುಚ್ಚಿದಾಗ ಹುಡುಗನ ಮೂತ್ರದಲ್ಲಿ ಸಕ್ಕರೆ ಹೆಚ್ಚುಕಡಿಮೆ ಕಾಣೆಯಾಯಿತು. ಮರುವರ್ಷ ಈ ಶೋಧಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಯುದ್ಧ ಮುಗಿಯಿತೆಂದೇ ಲೋಕ ತಿಳಿಯಿತು.

ಆದರೆ ಸಾವು ಹೆಬ್ಬಾಗಿಲಿನಿಂದ ಹಿಂದೆ ಸರಿದು ಹಿತ್ತಲಿನತ್ತ ಸುತ್ತಿ ಬಂದಿತ್ತು. ಇನ್ಸುಲಿನ್ ಚುಚ್ಚಿಸಿಕೊಂಡು ಬೆಳೆದ ಮಕ್ಕಳು ಶಾಲೆ ಮುಗಿಸಿದರು, ಮದುವೆಯಾದರು, ಹದಿನೈದು ಇಪ್ಪತ್ತು ವರ್ಷ ಕಳೆದರು. ಆಗ ಮೂತ್ರಪಿಂಡ ಸೋಲತೊಡಗಿತು. 1936ರಲ್ಲಿ ಬಾಸ್ಟನ್‌ನಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು ಅದರೊಳಗಿನ ಗಂಟುಗಳನ್ನು ವರ್ಣಿಸಿದರು. ಕಣ್ಣಿನ ಕಥೆ ಇನ್ನೂ ಮೋಸದ್ದು. ಅಕ್ಷಿಪಟಲದ ಮೇಲೆ ಮೊದಲು ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಆಮೇಲೆ ಎಲ್ಲೆಂದರಲ್ಲಿ ಬಳ್ಳಿಯಂತೆ ಹಬ್ಬುವ ಹೊಸ ರಕ್ತನಾಳಗಳು. ನೋವಿಲ್ಲ, ಮುನ್ಸೂಚನೆಯಿಲ್ಲ. ಒಂದು ಬೆಳಿಗ್ಗೆ ಆ ಬಳ್ಳಿ ಒಡೆದು ಕಣ್ಣೊಳಗೆ ರಕ್ತ ತುಂಬುತ್ತಿತ್ತು. ವೈದ್ಯರು ನೇತ್ರದರ್ಶಕದಲ್ಲಿ ಇಣುಕಿ ನೋಡಬಲ್ಲವರಾಗಿದ್ದರು, ಅಷ್ಟೇ. ಮಾಡಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ದಾರಿ ತೋರಿಸಿದ್ದು ನೆಲಗಪ್ಪೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬೆರ್ನಾರ್ಡೊ ಹುಸೈ ಎಂಬ ಶರೀರಶಾಸ್ತ್ರಜ್ಞನಿದ್ದ. 14ನೇ ವಯಸ್ಸಿಗೇ ಔಷಧಶಾಸ್ತ್ರದ ಶಾಲೆ ಹೊಕ್ಕವನು. ಮುಂದೆ ಪಿಟ್ಯುಟರಿ ಗ್ರಂಥಿಯ ಬೆನ್ನು ಹತ್ತಿ ಜೀವಮಾನವನ್ನೇ ಅದಕ್ಕೆ ಕೊಟ್ಟ. ಮಿದುಳಿನ ಬುಡದಲ್ಲಿ, ಕುದುರೆಯ ಜೀನಿನ ಆಕಾರದ ಎಲುಬಿನ ಗೂಡಿನೊಳಗೆ, ಕಡಲೆಕಾಳಿನಷ್ಟು ದೊಡ್ಡದಾಗಿ ಕೂತಿರುವ ಗ್ರಂಥಿ ಅದು. ಮೇದೋಜ್ಜೀರಕ ತೆಗೆದ ಪ್ರಾಣಿಗೆ ಸಕ್ಕರೆ ಕಾಯಿಲೆ ಬರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದರ ಜೊತೆಗೆ ಪಿಟ್ಯುಟರಿಯನ್ನೂ ತೆಗೆದರೆ ಕಾಯಿಲೆ ಮೆತ್ತಗಾಗುವುದನ್ನು ಹುಸೈ ಮತ್ತು ಅವನ ಸಂಗಡಿಗ ಬಿಯಾಸೋಟ್ಟಿ 1930ರ ಸುಮಾರಿಗೆ ತೋರಿಸಿದರು, ಮೊದಲು ನೆಲಗಪ್ಪೆಗಳಲ್ಲಿ, ಬಳಿಕ ನಾಯಿಗಳಲ್ಲಿ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಕೆಳಗೆಳೆದರೆ ಪಿಟ್ಯುಟರಿಯ ಸ್ರಾವಗಳು ಮೇಲೆಳೆಯುತ್ತವೆ. ಹಗ್ಗದ ಆಚೆ ತುದಿಯವನು ಕೈಬಿಟ್ಟರೆ ಈಚೆಯವನಿಗೆ ಅಷ್ಟು ಬಲವೇ ಬೇಡ. ಪ್ರಜಾಪ್ರಭುತ್ವದ ಪರವಾದ ಹೇಳಿಕೆಗೆ ಸಹಿ ಹಾಕಿದ್ದಕ್ಕಾಗಿ 1943ರಲ್ಲಿ ಸೇನಾ ಸರ್ಕಾರ ಹುಸೈಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಆತ ದಾನಿಗಳ ದುಡ್ಡಿನಲ್ಲಿ ಬೇರೆ ಸಂಸ್ಥೆ ಕಟ್ಟಿಕೊಂಡು ಕೆಲಸ ಮುಂದುವರಿಸಿದ. 1947ರಲ್ಲಿ ನೊಬೆಲ್ ಬಂತು.

ಕಪ್ಪೆಯಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಕಂಡೀತೇ? ಉತ್ತರದ ಸುಳಿವು ಒಂದು ಹೆರಿಗೆಯಿಂದ ಬಂತು. ಬಾಣಂತಿಗೆ ರಕ್ತ ವಿಪರೀತ ಹೋದರೆ, ಬಸುರಿನಲ್ಲಿ ಊದಿಕೊಂಡಿದ್ದ ಪಿಟ್ಯುಟರಿ ರಕ್ತವಿಲ್ಲದೆ ಸತ್ತುಹೋಗುವುದುಂಟೆಂದು ಬ್ರಿಟನ್ನಿನ ಹೆರಾಲ್ಡ್ ಶೀಹನ್ 1937ರಲ್ಲಿ ಬರೆದಿದ್ದ. ಎದೆಹಾಲು ಬತ್ತುತ್ತದೆ, ಮುಟ್ಟು ನಿಲ್ಲುತ್ತದೆ, ಮೈಯಲ್ಲಿ ಕಸುವಿರುವುದಿಲ್ಲ. ಡೆನ್ಮಾರ್ಕಿನ ಒಬ್ಬ ತಾಯಿಗೆ ಇದೇ ಗತಿಯಾಯಿತು. ಆಕೆಗೆ ಮೊದಲೇ ಸಕ್ಕರೆ ಕಾಯಿಲೆ, ಅಕ್ಷಿಪಟಲವೂ ಕೆಟ್ಟಿತ್ತು. ಹೆರಿಗೆಯ ಬಳಿಕ ಇನ್ಸುಲಿನ್ ಬೇಕಾಗುವ ಪ್ರಮಾಣ ಇಳಿಯಿತು. ಕಣ್ಣು ಪರೀಕ್ಷಿಸಿದರೆ ಹಿಂದೆ ಕಂಡ ಚುಕ್ಕೆಗಳು ಮಾಯವಾಗಿದ್ದವು. ಯಾಕೋಬ್ ಪೌಲ್ಸನ್ ಎಂಬ ವೈದ್ಯ 1953ರಲ್ಲಿ ಇದನ್ನು ಪ್ರಕಟಿಸಿದ. ಒಬ್ಬಳೇ ಒಬ್ಬ ರೋಗಿ, ಕೆಲವೇ ಪುಟಗಳ ವರದಿ. ಅದರ ಮೇಲೆ ಒಂದು ಯುಗವೇ ನಿಂತಿತೆಂದರೆ ಅಂದಿನ ವೈದ್ಯರ ಹತಾಶೆ ಎಷ್ಟಿದ್ದಿರಬೇಕು ನೋಡಿ.

ಸ್ಟಾಕ್‌ಹೋಮಿನಲ್ಲಿ ಕತ್ತಿ ಆಗಲೇ ಎದ್ದಿತ್ತು. ಗ್ರಂಥಿವೈದ್ಯ ರೋಲ್ಫ್ ಲುಫ್ಟ್, ಮಿದುಳಿನ ಶಸ್ತ್ರವೈದ್ಯ ಹರ್ಬರ್ಟ್ ಒಲಿವೆಕ್ರೋನ. ಹಂಗೇರಿಯ ಲೇಖಕ ಕರಿಂತಿಯ ತಲೆ ತೆರೆದು ಗಡ್ಡೆ ತೆಗೆದವನು ಇದೇ ಒಲಿವೆಕ್ರೋನ. ಲೇಖಕ ಆ ಅನುಭವವನ್ನೇ ಪುಸ್ತಕವಾಗಿಸಿದ. 1950ರ ದಶಕದ ಆರಂಭದಿಂದ ಲುಫ್ಟ್ ಮತ್ತು ಒಲಿವೆಕ್ರೋನ ಸಕ್ಕರೆ ಕಾಯಿಲೆ ಉಲ್ಬಣಿಸಿದವರ ಪಿಟ್ಯುಟರಿಯನ್ನು ತೆಗೆಯತೊಡಗಿದರು. ಹತ್ತು ವರ್ಷ ಮೊದಲಾಗಿದ್ದರೆ ಇಂಥ ರೋಗಿಯನ್ನು ಉಳಿಸಿಕೊಳ್ಳುವುದು ಕಷ್ಟವಿತ್ತು. ಕಾರ್ಟಿಸೋನ್ ಆಗಷ್ಟೇ ಔಷಧವಾಗಿ ಕೈಗೆ ಬಂದಿದ್ದರಿಂದ ಆ ಸಾಹಸ ಸಾಧ್ಯವಾಯಿತು.

ಬೆಲೆ ಮಾತ್ರ ದೊಡ್ಡದು. ಸಾಯುವ ತನಕ ಕಾರ್ಟಿಸೋನ್, ಸಾಯುವ ತನಕ ಥೈರಾಯ್ಡ್ ಮಾತ್ರೆ. ಮಕ್ಕಳಾಗುವ ಆಸೆ ಬಿಡಬೇಕು. ಇನ್ಸುಲಿನ್ ತುಸು ಹೆಚ್ಚಾದರೂ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪುತ್ತಿತ್ತು, ಯಾಕೆಂದರೆ ಹಗ್ಗದ ಆ ತುದಿಯಲ್ಲಿ ಈಗ ಯಾರೂ ಇರಲಿಲ್ಲ. ಗ್ರಂಥಿಯ ಹಿಂಭಾಗವೂ ಹೋದರೆ ನೀರನ್ನು ಹಿಡಿದಿಡುವ ಸ್ರಾವ ನಿಂತು ಮೂತ್ರ ಕೊಡಗಟ್ಟಲೆ ಹರಿಯುತ್ತಿತ್ತು. ಚರಕಸಂಹಿತೆ ಎಣಿಸುವ 20 ಪ್ರಮೇಹಗಳಲ್ಲಿ ಮಧುಮೇಹವೂ ಇದೆ, ಉದಕಮೇಹವೂ ಇದೆ. ಒಂದರಿಂದ ಪಾರಾಗಲು ಬಂದವನು ಇನ್ನೊಂದನ್ನೂ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದ. ಅದಕ್ಕೆ ಆಗ ಕೊಡುತ್ತಿದ್ದ ಮದ್ದು ದನದ ಪಿಟ್ಯುಟರಿಯ ಪುಡಿ. ನಶ್ಯದ ಹಾಗೆ ಮೂಗಿಗೆ ಏರಿಸುವುದು.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ತಲೆ ಬಿಚ್ಚದೆ ಇದನ್ನು ಮಾಡಿದರು. ವಿಕಿರಣ ಸೂಸುವ ಯಿಟ್ರಿಯಂ-90ರ ಸಣ್ಣ ಕಡ್ಡಿಗಳನ್ನು ಮೂಗಿನ ಮೂಲಕ ಗ್ರಂಥಿಗೆ ನೆಟ್ಟುಬಿಡುವುದು. ಅದರ ಕಿರಣ ಕೆಲವೇ ಮಿಲಿಮೀಟರು ಮುಟ್ಟುತ್ತದೆ, ಸುಮಾರು 64 ಗಂಟೆಗೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಗ್ರಂಥಿ ಸುಟ್ಟರೂ ನೆರೆಯ ದೃಷ್ಟಿನರಗಳು ಬಹುಮಟ್ಟಿಗೆ ಉಳಿಯುತ್ತಿದ್ದವು.

ಕಣ್ಣು ಉಳಿಯಿತೇ? ಕೆಲವರದು ಉಳಿಯಿತು, ಅದರಲ್ಲಿ ಸಂಶಯವಿಲ್ಲ. ಹೊಸ ಬಳ್ಳಿಗಳು ಒಣಗಿದ್ದನ್ನು ಚಿತ್ರಗಳೇ ತೋರಿಸುತ್ತಿದ್ದವು. ಆದರೆ ಶಸ್ತ್ರಚಿಕಿತ್ಸೆ ಇಲ್ಲದೆಯೂ ಕೆಲವರ ಕಣ್ಣು ತಾನಾಗಿ ತಹಬಂದಿಗೆ ಬರುವುದಿತ್ತು. ಯಾರದು ಮದ್ದಿನಿಂದ, ಯಾರದು ದೈವದಿಂದ ಎಂದು ಬೇರ್ಪಡಿಸುವ ಗಟ್ಟಿ ಲೆಕ್ಕವನ್ನು ಬಹುತೇಕರು ಇಟ್ಟಿರಲಿಲ್ಲ. ಆ ವೈದ್ಯರನ್ನು ಕ್ರೂರಿಗಳೆಂದು ಇಂದು ಜರೆಯುವುದು ಸುಲಭ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕುರುಡಾಗುತ್ತಿರುವ ಇಪ್ಪತ್ತೈದರ ಯುವಕನೆದುರು ಬರಿಗೈಯಲ್ಲಿ ಕೂರುವುದು ಏನೆಂದು ಅವರಿಗೆ ಗೊತ್ತಿತ್ತು. ಅವರ ತಪ್ಪು ಧೈರ್ಯದ್ದಲ್ಲ, ಲೆಕ್ಕದ್ದು.

ಅಷ್ಟರಲ್ಲಿ ಇನ್ನೊಂದು ದಾರಿ ಆಕಾಶದಿಂದ ಇಳಿದಿತ್ತು. 1945ರ ಜುಲೈಯ ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ಅಕ್ಷಿಪಟಲ ಸುಟ್ಟುಕೊಂಡವರನ್ನು ಜರ್ಮನಿಯ ಗೆರ್ಡ್ ಮೈಯರ್-ಶ್ವಿಕೆರಾತ್ ಪರೀಕ್ಷಿಸಿದ್ದ. ಬೆಳಕು ಹೀಗೆ ಸುಡುವುದಾದರೆ ಬೇಕಾದ ಕಡೆಯೇ ಸುಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಹ್ಯಾಂಬರ್ಗಿನಲ್ಲಿ ಕನ್ನಡಿಗಳಿಂದ ಬಿಸಿಲನ್ನೇ ಹಿಡಿದು ರೋಗಿಯ ಕಣ್ಣಿಗೆ ಹಾಯಿಸಿದ. ಮೋಡ ಕವಿದರೆ ಚಿಕಿತ್ಸೆಗೂ ರಜೆ! ಆಮೇಲೆ ಝೈಸ್ ಕಂಪನಿಯ ಕ್ಸೆನಾನ್ ದೀಪ ಬಂತು, 1960ರ ನಂತರ ಲೇಸರ್ ಬಂತು. ಬಾಸ್ಟನ್ನಿನ ಜೋಸ್ಲಿನ್ ಚಿಕಿತ್ಸಾಲಯದಲ್ಲಿ ಬೀಥಮ್ ಮತ್ತು ಲಾಯ್ಡ್ ಏಲೊ ಒಂದು ವಿಚಿತ್ರ ಗಮನಿಸಿದ್ದರು: ಹಳೆಯ ಗಾಯದ ಕಲೆ ತುಂಬಿದ ಅಕ್ಷಿಪಟಲಕ್ಕೆ ಸಕ್ಕರೆ ಕಾಯಿಲೆಯ ಹಾನಿ ಅಷ್ಟಾಗಿ ತಟ್ಟುವುದಿಲ್ಲ. ಹಾಗಾದರೆ ನಾವೇ ಕಲೆ ಮಾಡೋಣ ಎಂದು ನೂರಾರು ಪುಟ್ಟ ಚುಕ್ಕೆಗಳನ್ನು ಸುಟ್ಟರು. ಅಂಚಿನ ಸ್ವಲ್ಪ ನೋಟ ಕೊಟ್ಟು ನಡುವಿನ ನೋಟ ಉಳಿಸಿಕೊಳ್ಳುವ ಉಪಾಯ.

1968ರಲ್ಲಿ ಅಮೆರಿಕದ ವರ್ಜೀನಿಯಾದ ಏರ್ಲಿ ಹೌಸ್ ಎಂಬಲ್ಲಿ ಗ್ರಂಥಿಯ ಪಕ್ಷದವರೂ ಬೆಳಕಿನ ಪಕ್ಷದವರೂ ಒಂದೆಡೆ ಸೇರಿದರು. ಹಾನಿಯನ್ನು ಅಳೆಯಲು ಎಲ್ಲರಿಗೂ ಒಂದೇ ಅಳತೆಗೋಲು ಅಲ್ಲಿ ರೂಪುಗೊಂಡಿತು. ಅದರ ಬೆನ್ನಿಗೇ ದೊಡ್ಡ ಪರೀಕ್ಷೆ ಹೊರಟಿತು. 15 ಕೇಂದ್ರಗಳು, 1,700ಕ್ಕೂ ಹೆಚ್ಚು ರೋಗಿಗಳು. ಪ್ರತಿಯೊಬ್ಬರ ಒಂದು ಕಣ್ಣಿಗೆ ಬೆಳಕಿನ ಚಿಕಿತ್ಸೆ, ಇನ್ನೊಂದನ್ನು ಮುಟ್ಟದೆ ಬಿಡುವುದು. ಯಾವ ಕಣ್ಣು ಎಂಬುದನ್ನು ವೈದ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. ಒಂದೇ ಮೈ, ಒಂದೇ ರಕ್ತ, ಒಂದೇ ಇನ್ಸುಲಿನ್. ಇನ್ನು ದೈವದ ನೆಪ ಹೇಳುವಂತಿರಲಿಲ್ಲ.

1976ರಲ್ಲಿ ಫಲ ಹೊರಬಿತ್ತು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಯಾಗಿತ್ತು. ಪಿಟ್ಯುಟರಿ ತೆಗೆಯುವ ಪದ್ಧತಿ ಅಲ್ಲಿಂದಾಚೆಗೆ ಸದ್ದಿಲ್ಲದೆ ಮರೆಗೆ ಸರಿಯಿತು. ಪರೀಕ್ಷೆ ನಡೆಸಿದವರು ತಮ್ಮ ನಿಯಮವನ್ನು ತಾವೇ ಬದಲಿಸಿ, ಮುಟ್ಟದೆ ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯದಲ್ಲಿದ್ದವಕ್ಕೂ ಚಿಕಿತ್ಸೆ ಕೊಡಲು ಒಪ್ಪಿದರು. ಅವುಗಳಲ್ಲಿ ಕೆಲವು ಅಷ್ಟರೊಳಗೆ ಕತ್ತಲಾಗಿದ್ದವು.