ಅಂಚೆಯಲ್ಲಿ ಬಂದ ಹಾಸು, ಮನೆಯಲ್ಲಿದ್ದ ಹೊಕ್ಕು

ನಿಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲಿ ಅಜ್ಜಿಯ ಇಳಕಲ್ಲ ಸೀರೆಯೊಂದು ಇರಬಹುದು. ಇದ್ದರೆ, ಮುಂದೆ ಓದುವ ಮೊದಲು ಅದನ್ನೊಮ್ಮೆ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಸೀರೆಯ ಒಡಲು ಮುಗಿದು ಕೆಂಪು ಸೆರಗು ಆರಂಭವಾಗುವ ಜಾಗವನ್ನು ಬೆರಳಿನಿಂದ ಸವರಿ ನೋಡಿರಿ. ಅಲ್ಲಿ ಹೊಲಿಗೆ ಇಲ್ಲ, ಆದರೂ ಎರಡು ಬೇರೆ ಬೇರೆ ಹಾಸುಗಳು ಅಲ್ಲಿ ಕೂಡಿಕೊಂಡಿವೆ. ಒಡಲಿನ ಹಾಸಿನ ಪ್ರತಿಯೊಂದು ಎಳೆಯನ್ನೂ ಸೆರಗಿನ ರೇಷ್ಮೆಯ ಎಳೆಗೆ ಕುಣಿಕೆಯಂತೆ ಸಿಕ್ಕಿಸಿ ನೇಯುವ ಈ ವಿಧಾನಕ್ಕೆ ನೇಕಾರರು 'ಕೊಂಡಿ' ಎನ್ನುತ್ತಾರೆ. ಹೀಗೆ ಕೂಡಿಸಬೇಕಾದ ಕಾರಣ ಹಾಸನ್ನು ಒಂದೊಂದು ಸೀರೆಗೂ ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ. ಕೆಂಪಿನ ಮಧ್ಯೆ ಬಿಳಿಯ ಪಟ್ಟಿಗಳುಳ್ಳ ಆ ಸೆರಗಿಗೆ 'ತೋಪು ತೆನೆ ಸೆರಗು' ಎಂದು ಹೆಸರು. ಗೋಮಿ, ಪರಾಸಪೇಟ, ಗಾಡಿ ಎಂಬವು ಅದರ ದಡಿಯ ಬಗೆಗಳು.

ಇಷ್ಟೊಂದು ಲೆಕ್ಕಾಚಾರವನ್ನು ನೇಕಾರರಿಗೆ ಕಲಿಸಿದವರು ಯಾರು? ಯಾವ ವಿಶ್ವವಿದ್ಯಾಲಯವೂ ಅಲ್ಲ. ಮಗ್ಗದ ಪಕ್ಕದಲ್ಲಿ ಕುಳಿತ ತಾಯಿಯಿಂದ ಮಗಳು, ತಂದೆಯಿಂದ ಮಗ ಕಲಿತರು. ಹಾಗಾದರೆ, ಮಗ್ಗದ ಪಕ್ಕದಲ್ಲಿ ಕುಳಿತುಕೊಳ್ಳುವ ಭಾಗ್ಯವಿಲ್ಲದವರು ಜವಳಿ ಕಲೆಯ ಮೂಲಪಾಠಗಳನ್ನು ದೂರದಿಂದ ಕಲಿಯಬಲ್ಲರೇ? ಇದು ಇಂದಿನ ಪ್ರಶ್ನೆಯಂತೆ ಕಂಡರೂ ಇದಕ್ಕೆ ದೀರ್ಘವಾದ ಇತಿಹಾಸವಿದೆ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಷ್ಟಗಿಯನ್ನು ದಾಟಿ ಉತ್ತರಕ್ಕೆ ಹೋದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಸಿಗುತ್ತದೆ. ಕೊಪ್ಪಳದ ಮಗ್ಗುಲಲ್ಲಿ ನೇಕಾರರ ಭಾಗ್ಯನಗರವಿದೆ. ಪಕ್ಕದ ಗದಗ ಜಿಲ್ಲೆಯಲ್ಲಿ ಗಜೇಂದ್ರಗಡವಿದೆ. ಕೈಮಗ್ಗ ತಂತ್ರಜ್ಞಾನವನ್ನು ಕಲಿಸುವ ಸಂಸ್ಥೆ ಗದಗ-ಬೆಟಗೇರಿಯಲ್ಲಿದೆ. ಸುತ್ತಲೂ ಮಗ್ಗದ ಊರುಗಳೇ. ಆದರೂ ಮನೆಗೆಲಸ, ಹೊಲದ ಕೆಲಸಗಳ ನಡುವೆ ಹಳ್ಳಿಯ ಹೆಣ್ಣುಮಗಳೊಬ್ಬಳು ನಿತ್ಯ ಅಲ್ಲಿಗೆ ಹೋಗಿ ಬರುವುದು ಸುಲಭವಲ್ಲ. ದೂರವೆಂಬುದು ಕೇವಲ ಮೈಲಿಗಳ ಲೆಕ್ಕವಲ್ಲ ಎಂಬುದನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು.

ದೂರದ ಕಲಿಕೆಯ ಮೊದಲ ಗುರು ಬಟ್ಟೆಯೇ ಆಗಿತ್ತು. ಗಜೇಂದ್ರಗಡದ ಪರಿಸರದಲ್ಲಿ ಹಿಂದೆ 'ಪಟ್ಟೆದಂಚು' ಎಂಬ ಸೀರೆಯನ್ನು ನೇಯುತ್ತಿದ್ದರು. ದಪ್ಪ ಚೌಕಳಿ, ಅಗಲವಾದ ಅಂಚು, ಎರಡೂ ಬದಿಯಿಂದ ಉಡಬಹುದಾದ ಗಟ್ಟಿ ಹತ್ತಿಯ ಸೀರೆ ಅದು. ಸವದತ್ತಿಯ ಯಲ್ಲಮ್ಮನಿಗೆ ಅದನ್ನು ಅರ್ಪಿಸುವ ರೂಢಿಯಿತ್ತು. ಕಾಲಕ್ರಮದಲ್ಲಿ ಅದು ಮಗ್ಗದಿಂದ ಮರೆಯಾಯಿತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರು ಉಳಿದಿದ್ದ ಹಳೆಯ ಸೀರೆಯ ಆಧಾರದಿಂದ ಅದನ್ನು ಮತ್ತೆ ನೇಯಿಸಿದರು. ಇಲ್ಲಿ ಕಲಿಸಿದ ಕೈ ಯಾವುದೋ ತಿಳಿಯದು, ಆದರೆ ಪಾಠ ಬಟ್ಟೆಯಲ್ಲಿ ಉಳಿದಿತ್ತು. ಎಳೆಗಳನ್ನು ಎಣಿಸಬಲ್ಲವರಿಗೆ ಬಟ್ಟೆಯೂ ಒಂದು ಬರವಣಿಗೆಯೇ.

ಎರಡನೆಯದಾಗಿ, ಗುರುವೇ ದೂರದಿಂದ ಬಂದ ಕಾಲವಿತ್ತು. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜಾನ್ ಹಾಲರ್ ಅಲ್ಲಿಯ ನೇಯ್ಗೆ ಕೇಂದ್ರಕ್ಕೆ ಯುರೋಪಿನ ಮಾದರಿಯ ಮಗ್ಗಗಳನ್ನು ಪರಿಚಯಿಸಿದರು. ಖಾಕಿ ಬಣ್ಣವನ್ನು ರೂಪಿಸಿದ ಹಿರಿಮೆಯನ್ನೂ ಸಾಮಾನ್ಯವಾಗಿ ಅವರಿಗೇ ಸಲ್ಲಿಸಲಾಗುತ್ತದೆ. ಹಗ್ಗವನ್ನೆಳೆದರೆ ಲಾಳಿ ತಾನಾಗಿ ಓಡುವ ಮಗ್ಗವನ್ನು ಇಂಗ್ಲೆಂಡಿನ ಜಾನ್ ಕೇ ಎಂಬಾತ 1733ರಲ್ಲೇ ಕಂಡುಹಿಡಿದಿದ್ದ. ಆ ವಿದ್ಯೆ ಕರಾವಳಿಗೆ ತಲುಪಲು ಒಂದು ಶತಮಾನಕ್ಕೂ ಮಿಕ್ಕಿ ಬೇಕಾಯಿತು. ಹಡಗಿನಲ್ಲಿ ಮನುಷ್ಯನೊಬ್ಬ ಬರದೆ ವಿದ್ಯೆ ಬರುತ್ತಿರಲಿಲ್ಲ.

ಮೂರನೆಯದಾಗಿ ಪುಸ್ತಕ ಬಂದಿತು. 1886ರಲ್ಲಿ ತೆರೇಸ್ ದ ದಿಲ್ಮೋಂ ಎಂಬ ಮಹಿಳೆ ಸೂಜಿಕೆಲಸದ ಬೃಹತ್ ಕೋಶವೊಂದನ್ನು ಪ್ರಕಟಿಸಿದಳು. ನಮ್ಮ ಕಸೂತಿಗಾರ್ತಿಯರಿಗೆ ಪರಿಚಿತವಾದ ಡಿ.ಎಂ.ಸಿ. ದಾರದ ಸಂಸ್ಥೆಯೊಡನೆ ಅವಳು ಕೆಲಸ ಮಾಡುತ್ತಿದ್ದಳು. ಚಿತ್ರ ನೋಡಿ, ವಿವರಣೆ ಓದಿ, ಗುರುವಿಲ್ಲದೆಯೇ ಹೊಲಿಗೆ ಕಲಿಯಬಹುದೆಂಬ ಭರವಸೆಯನ್ನು ಅದು ಅನೇಕ ದೇಶಗಳ ಹೆಣ್ಣುಮಕ್ಕಳಿಗೆ ಕೊಟ್ಟಿತು. ಕಾನ್ವೆಂಟ್ ಶಾಲೆಯ ಹೊಲಿಗೆ ತರಗತಿಯಲ್ಲಿ ಚೌಕಳಿ ಕಾಗದದ ಮೇಲೆ ಗುಲಾಬಿ ಬಿಡಿಸಿದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಆ ಕಾಗದವೂ ಇದೇ ಪರಂಪರೆಗೆ ಸೇರಿದ್ದು.

ನಾಲ್ಕನೆಯದು ಅಂಚೆ. 1840ರಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದರು. ವಿದ್ಯಾರ್ಥಿಗಳು ಬೈಬಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುತ್ತಿದ್ದರು. ತಿದ್ದಿದ ಹಾಳೆ ಮರಳಿ ಬರುತ್ತಿತ್ತು. ಹೀಗೆ ತಿದ್ದುಪಡಿಯೂ ಪ್ರಯಾಣ ಮಾಡಬಲ್ಲದೆಂದು ತಿಳಿಯಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿದವು. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಕತ್ತರಿಸುವಿಕೆ ಮತ್ತು ಹೊಲಿಗೆಯಂತಹ ವೃತ್ತಿಪಾಠಗಳೂ ಮುಕ್ತ ಶಾಲೆಯ ಪಟ್ಟಿಯಲ್ಲಿ ಸ್ಥಾನ ಪಡೆದವು. ನೇಕಾರ ಕುಟುಂಬಗಳ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಬಡತನ ರೇಖೆಗಿಂತ ಕೆಳಗಿನವರು ಮುಕ್ತ ಶಿಕ್ಷಣಕ್ಕೆ ಸೇರಿದರೆ ಶುಲ್ಕದ ಶೇ. 75ರಷ್ಟನ್ನು ಭರಿಸುವ ಯೋಜನೆಯನ್ನು ಕೇಂದ್ರ ಜವಳಿ ಸಚಿವಾಲಯ ರೂಪಿಸಿತು. 2017ರಲ್ಲಿ 'ಸ್ವಯಂ' ಜಾಲತಾಣ ಆರಂಭವಾದ ಮೇಲೆ ಉಪನ್ಯಾಸಗಳು ಮೊಬೈಲಿನಲ್ಲೇ ದೊರೆಯತೊಡಗಿದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಜವಳಿ ವಿನ್ಯಾಸದ ಮೂಲಪಾಠಗಳೆಂದರೆ ಏನು? ಬಿಂದು, ರೇಖೆ, ಆಕಾರ; ಬಣ್ಣಗಳ ಹೊಂದಾಣಿಕೆ; ಒಂದು ಚಿತ್ರವನ್ನು ಮತ್ತೆ ಮತ್ತೆ ಕೂರಿಸುವ ಕ್ರಮ; ಸಾದಾ, ಟ್ವಿಲ್, ಸ್ಯಾಟಿನ್ ಎಂಬ ಮೂರು ಮೂಲ ನೇಯ್ಗೆಗಳು; ಅವುಗಳನ್ನು ಚೌಕಳಿ ಕಾಗದದಲ್ಲಿ ಬರೆಯುವ ಬಗೆ. ಇವೆಲ್ಲವೂ ಕಾಗದದಲ್ಲಿ ಹಿಡಿಯುವಂಥವು, ಆದ್ದರಿಂದ ದೂರಕ್ಕೆ ಕಳುಹಿಸಬಲ್ಲಂಥವು. ನಮ್ಮ ಕಸೂತಿಯನ್ನು ಗಮನಿಸಿರಿ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಳೆ ಎಣಿಸುತ್ತಲೇ ತೇರು, ಗೋಪುರ, ತುಳಸಿಕಟ್ಟೆ, ಆನೆಗಳನ್ನು ಮೂಡಿಸುತ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಹೀಗಾಗಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. ಮುರಗಿ, ನೇಗಿ, ಮೆಂತಿ ಎಂಬ ಉಳಿದ ಹೊಲಿಗೆಗಳೂ ಲೆಕ್ಕವನ್ನೇ ಅವಲಂಬಿಸಿವೆ. ಲೆಕ್ಕವಿರುವ ವಿದ್ಯೆ ಪತ್ರದಲ್ಲಿ ಸಾಗಬಲ್ಲದು.

ಅಷ್ಟೇ ಅಲ್ಲ, ತಪ್ಪು ಕೂಡ ಬಟ್ಟೆಯಲ್ಲಿ ದಾಖಲಾಗುತ್ತದೆ. ಹೊಕ್ಕಿನ ನೂಲನ್ನು ಅತಿಯಾಗಿ ಎಳೆದರೆ ಅಂಚು ಒಳಸರಿಯುತ್ತದೆ, ಸಡಿಲ ಬಿಟ್ಟರೆ ಅಂಚಿನಲ್ಲಿ ಕುಣಿಕೆಗಳು ಏಳುತ್ತವೆ. ವಿದ್ಯಾರ್ಥಿನಿ ಕಳುಹಿಸಿದ ಅಂಗೈಯಗಲದ ತುಣುಕನ್ನು ನೋಡಿ, ನೂರಾರು ಮೈಲಿ ದೂರದ ಶಿಕ್ಷಕಿ ಅವಳ ಕೈಯ ದೋಷವನ್ನು ಹೇಳಬಲ್ಲಳು. ಆದರೆ ಆ ದೋಷವನ್ನು ತಿದ್ದಿಕೊಳ್ಳುವಾಗ ಬೇಕಾದ ಬಿಗಿಯೆಷ್ಟು ಎಂಬುದನ್ನು ಯಾವ ಪತ್ರವೂ, ಯಾವ ಪರದೆಯೂ ಹೇಳಲಾರದು. ಅದಕ್ಕೆ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು, ನಿಮ್ಮ ಕೈಯ ಮೇಲೆ ತಮ್ಮ ಕೈಯನ್ನಿಟ್ಟು ತೋರಿಸಬೇಕು. ಸಂತ ಪೌಲನು ದೂರದ ಸಭೆಗಳಿಗೆ ಪತ್ರಗಳ ಮೂಲಕವೇ ಬೋಧಿಸಿದನು; ಆದರೆ ತನ್ನ ಗುಡಾರದ ಕಸುಬನ್ನು ಮಾಡಿದ್ದು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲರ ಮನೆಯಲ್ಲಿ, ಅವರ ಜೊತೆಗೆ ಕುಳಿತು.

ಇಲ್ಲಿಯೇ ನಾವು ಚಿಂತಿಸಬೇಕಾದ ಸಂಗತಿಯೊಂದಿದೆ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರ ಸಂಖ್ಯೆ 43.31 ಲಕ್ಷವಿತ್ತು, 2019-20ರ ಗಣತಿಯಲ್ಲಿ ಅದು 35.22 ಲಕ್ಷಕ್ಕೆ ಇಳಿಯಿತು. ಇವರಲ್ಲಿ ಶೇ. 70ಕ್ಕಿಂತ ಹೆಚ್ಚಿನವರು ಮಹಿಳೆಯರು. ಪಕ್ಕದಲ್ಲಿ ಕುಳಿತು ಬಿಗಿಯನ್ನು ಹೇಳಿಕೊಡಬಲ್ಲ ಕೈಗಳೇ ಹೀಗೆ ಕಡಿಮೆಯಾಗುತ್ತಿವೆ. ಇತ್ತ ದೂರಶಿಕ್ಷಣದ ಜವಳಿ ಪಾಠಗಳ ಬಹುಭಾಗ ಇಂಗ್ಲಿಷಿನಲ್ಲಿದೆ. ನಮ್ಮ ಹುಡುಗಿ 'ವಾರ್ಪ್', 'ವೆಫ್ಟ್' ಎಂದು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾಳೆ. ಅದನ್ನೇ ಹಾಸು, ಹೊಕ್ಕು ಎನ್ನುವ ನೆರೆಮನೆಯ ಅಜ್ಜಿಗೆ ಏನೂ ತಿಳಿಯದೆಂದು ಭಾವಿಸುತ್ತಾಳೆ. ಅಜ್ಜಿಯೂ ಹಾಗೆಯೇ ನಂಬಿ, "ನಮಗೇನ್ ತಿಳೀತೈತವ್ವಾ, ನೀವು ಓದಿದವ್ರು" ಎಂದು ಸುಮ್ಮನಾಗುತ್ತಾಳೆ. ಈ ಮೌನದಲ್ಲಿ ಕಳೆದುಹೋಗುವುದನ್ನು ಯಾವ ಮುಕ್ತ ವಿಶ್ವವಿದ್ಯಾಲಯವೂ ತಂದುಕೊಡಲಾರದು.

ಈ ನಾಡು ಮಗ್ಗವನ್ನೂ ಅಕ್ಷರವನ್ನೂ ಬೇರೆಯೆಂದು ಎಣಿಸಿರಲಿಲ್ಲ. ಮುದನೂರಿನ ಜೇಡರ ದಾಸಿಮಯ್ಯ ನೇಕಾರನೂ ಹೌದು, ವಚನಕಾರನೂ ಹೌದು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿ, 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಹಳ್ಳಿಹಳ್ಳಿಗಳನ್ನು ಸುತ್ತಿ ಕುಶಲಕರ್ಮಿಗಳನ್ನು ಹುಡುಕಿ ಗೌರವಿಸಿದರು. ಅವರು ಅರಸಿ ಹೋದ ವಿದ್ಯಾವಂತರು ಬಹುಮಟ್ಟಿಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಆದ್ದರಿಂದ, ನಿಮ್ಮ ಮಗಳು ಅಥವಾ ಸೊಸೆ ದೂರಶಿಕ್ಷಣದ ಮೂಲಕ ಜವಳಿ ಕಲೆಯನ್ನು ಕಲಿಯಬಯಸಿದರೆ ತಡೆಯಬೇಡಿರಿ. ಮನೆಯಲ್ಲಿ ಅವಳಿಗೆ ಒಂದಿಷ್ಟು ಸಮಯವನ್ನೂ ಬೆಳಕಿರುವ ಒಂದು ಮೂಲೆಯನ್ನೂ ಬಿಟ್ಟುಕೊಡಿರಿ. ಜೊತೆಗೆ ಮತ್ತೊಂದು ಕೆಲಸ ಮಾಡಿರಿ. ಅವಳ ಮೊದಲ ಪಾಠದ ಪುಸ್ತಕ ಬಂದ ದಿನ, ಟ್ರಂಕಿನಲ್ಲಿರುವ ಆ ಸೀರೆಯನ್ನೂ ಅವಳ ಮುಂದಿಡಿರಿ. ಒಂದು ಅಂಗುಲದಲ್ಲಿ ಎಷ್ಟು ಎಳೆಗಳಿವೆ ಎಂದು ಮಸೂರ ಹಿಡಿದು ಎಣಿಸಲಿ, ದಡಿಯನ್ನು ಚೌಕಳಿ ಕಾಗದಕ್ಕೆ ಇಳಿಸಲಿ. ಬಳಿಕ ಊರಿನಲ್ಲಿಯೋ ನೆಂಟರ ಊರಿನಲ್ಲಿಯೋ ಮಗ್ಗ ಬಲ್ಲ ಹಿರಿಯರೊಬ್ಬರ ಬಳಿ ಅವಳನ್ನು ಕರೆದೊಯ್ಯಿರಿ. ಅವರು ಹೇಳುವ ಮಾತುಗಳನ್ನು ಅವರು ಹೇಳಿದ ಹಾಗೆಯೇ ಅವಳು ಬರೆದುಕೊಳ್ಳಲಿ, ಆ ಟಿಪ್ಪಣಿಯ ಮೊದಲ ಪುಟದಲ್ಲಿ ಅವರ ಹೆಸರನ್ನು ಗುರುವಿನ ಸ್ಥಾನದಲ್ಲಿ ಬರೆಯಲಿ.

ಆಗ ಆ ಅಜ್ಜಿ ಸುಮ್ಮನಾಗಲಾರಳು. ನೂಲನ್ನು ಕೈಗೆ ತೆಗೆದುಕೊಂಡು, "ಇಷ್ಟ್ ಜಗ್ಗಬ್ಯಾಡವ್ವಾ, ಹರೀತೈತಿ" ಎಂದು ಹೇಳಿಕೊಟ್ಟಾಳು. ದೂರದಿಂದ ಬಂದ ಪುಸ್ತಕದಲ್ಲಿ ಇಲ್ಲದ ಪಾಠ ಅಲ್ಲಿಂದ ಆರಂಭವಾಗುತ್ತದೆ.