ಸಮಾಂತರ ಗಣನೆಯಲ್ಲಿ ಘಟಕ ರಚನೆ: ಬೆಂಗಳೂರಿನ ಒಂದು ಅಧ್ಯಾಯ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಬೇರೆ ಬೇರೆಯಾಗಿ ಸಿದ್ಧವಾದ ಭಾಗಗಳು ಗೊತ್ತಾದ ಅಳತೆಯಲ್ಲಿ ಕೂಡಿಕೊಂಡು ಒಂದು ಯಂತ್ರವಾಗುವುದೇ ಇಂಥ ಉದ್ಯಮದ ತಳಹದಿ. ವೈಜ್ಞಾನಿಕ ಗಣನೆಯ ತಂತ್ರಾಂಶವನ್ನೂ ಹೀಗೆ ಕಟ್ಟಬಹುದೆ? ಈ ಪ್ರಶ್ನೆಗೆ ವಿಮಾನಶಾಸ್ತ್ರದ ನೆರೆಯಲ್ಲಿಯೇ, ಬೆಂಗಳೂರಿನಲ್ಲಿ, ಒಂದು ಪೂರ್ವಚರಿತ್ರೆ ಉಂಟು. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

1986ರ ಡಿಸೆಂಬರಿನಲ್ಲಿ, ಅಂದಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಯು. ಎನ್. ಸಿನ್ಹಾ ಮತ್ತು ಅವರ ಸಂಗಡಿಗರು ನಿರ್ಮಿಸಿದ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವು ಕೆಲಸವನ್ನಾರಂಭಿಸಿತು. ಅದರಲ್ಲಿದ್ದುದು ಇಂಟೆಲ್ 8086 ವರ್ಗದ ನಾಲ್ಕು ಸಂಸ್ಕಾರಕಗಳು ಮಾತ್ರ. ಮಹಾಗಣಕಗಳು ಹೊರದೇಶದ ಅನುಮತಿಯಿಲ್ಲದೆ ದೊರೆಯದಿದ್ದ ಕಾಲವದು. ಯಂತ್ರವೇನೋ ನಮ್ಮದಾಯಿತು, ಆದರೆ ಒಂದೇ ಸಂಸ್ಕಾರಕಕ್ಕೆಂದು ಬರೆದ ಕ್ರಮವಿಧಿಯನ್ನು ಹಲವಕ್ಕೆ ಹಂಚುವುದು ಬೇರೆಯೇ ಸಮಸ್ಯೆ.

ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಟಿ-80 ಮಾದರಿ ಇದಕ್ಕೆ ಒಳ್ಳೆಯ ನಿದರ್ಶನ. ಅದು ಭೂಮಂಡಲವನ್ನು 256 ರೇಖಾಂಶ, 128 ಅಕ್ಷಾಂಶಗಳ ಜಾಲವಾಗಿ ಎಣಿಸುತ್ತಿತ್ತು. ಅಕ್ಷಾಂಶಗಳನ್ನು ಸಂಸ್ಕಾರಕಗಳಿಗೆ ಹಂಚಬಹುದು. ಆದರೆ ಪ್ರತಿ ಹೆಜ್ಜೆಯಲ್ಲಿಯೂ ಎಲ್ಲರ ಫಲಗಳನ್ನು ಒಂದುಗೂಡಿಸಲೇಬೇಕು. ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳೂ ಬದಲಾಗುತ್ತವೆ. ಹಳೆಯ ಫೋರ್ಟ್ರಾನ್ ಕ್ರಮವಿಧಿಗಳಲ್ಲಿ ಎಲ್ಲ ಭಾಗಗಳೂ ಸಾಮಾನ್ಯ ಸ್ಮೃತಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ ಒಂದೆಡೆಯ ತಿದ್ದುಪಾಟು ಮತ್ತೊಂದೆಡೆ ದೋಷವಾಗಿ ತಲೆದೋರುವ ಸಂಭವವಿತ್ತು. ಭಾರತೀಯ ವಿಜ್ಞಾನ ಮಂದಿರದ ರವಿ ನಂಜುಂಡಯ್ಯ ಮತ್ತು ಸಿನ್ಹಾ ಅವರು ಈ ಮಾದರಿಯನ್ನು ಆಧುನಿಕ ತಂತ್ರಾಂಶ ವಿಧಾನಗಳಿಂದ ಪುನರ್ರಚಿಸಿದುದರ ಫಲವನ್ನು 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದೇ ಸುಮಾರಿಗೆ, 1998ರಲ್ಲಿ, ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳೂ ವಿಶ್ವವಿದ್ಯಾನಿಲಯಗಳೂ ಕೂಡಿ 'ಸಾಮಾನ್ಯ ಘಟಕ ವಿನ್ಯಾಸ'ದ ಯತ್ನವನ್ನು ಕೈಗೊಂಡವು. ಪ್ರತಿಯೊಂದು ಘಟಕವೂ ತಾನು ಕೊಡುವುದೇನು, ತನಗೆ ಬೇಕಾದುದೇನು ಎಂಬುದನ್ನು ಮೊದಲೇ ಸಾರಬೇಕು. ಒಳಗಿನ ರಚನೆ ಹೊರಗಿನವರಿಗೆ ಅನಗತ್ಯ. ಹಾಗಾದಲ್ಲಿ ಯಂತ್ರ ಬದಲಾದಾಗ ಸಂಕಲನದ ಘಟಕವೊಂದನ್ನೇ ಬದಲಿಸಬಹುದು. ಮೋಡ, ಮಳೆ, ವಿಕಿರಣಗಳ ಭೌತಶಾಸ್ತ್ರವನ್ನು ಮುಟ್ಟಬೇಕಾಗಿಲ್ಲ.

ಇದಕ್ಕೆ ಬೆಲೆಯಿಲ್ಲದಿಲ್ಲ. ಸಂದುಗಳು ಹೆಚ್ಚಿದಷ್ಟೂ ಸಂದೇಶ ವಿನಿಮಯದ ಹೊರೆ ಹೆಚ್ಚಬಹುದು. ಆದರೂ ಯಂತ್ರಗಳ ಆಯುಷ್ಯ ಕೆಲವೇ ವರ್ಷ. ಕ್ರಮವಿಧಿಯ ಆಯುಷ್ಯ ದಶಕಗಳು. ಗಣಕವನ್ನು ನಾವೇ ಕಟ್ಟಿಯೂ ಅದರಲ್ಲಿ ನಡೆಯುವ ಕ್ರಮವಿಧಿಯನ್ನು ತಿದ್ದಲಾರದಿದ್ದರೆ ಪರಾಧೀನತೆ ತೊಲಗಿತೆನ್ನಲಾಗದು. ಫ್ಲೋಸಾಲ್ವರಿನ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಮುಖ್ಯಾಂಶ ಇದೇ.