ವಾಡಿಯಲ್ಲಿ ದಾರಿ ಬದಲಿಸಿದವರು

ಬೊಂಬಾಯಿಯಿಂದಲೋ ಮದರಾಸಿನಿಂದಲೋ ಹೈದರಾಬಾದಿಗೆ ರೈಲಿನಲ್ಲಿ ಹೊರಟವರು ಒಂದು ಕಾಲದಲ್ಲಿ ವಾಡಿಯನ್ನು ಮುಟ್ಟದೆ ಗತ್ಯಂತರವಿರಲಿಲ್ಲ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದುಗಳನ್ನು ಹಾದು ಬಂದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ಸಂಸ್ಥಾನದ ರೈಲುದಾರಿ ವಾಡಿಯಿಂದ ಕವಲೊಡೆದು, ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೇಲಾಗಿ ಸಿಕಂದರಾಬಾದನ್ನು ತಲುಪಿತು. 1889ರಲ್ಲಿ ಬೆಜವಾಡದ ಕಡೆಯ ದಾರಿ ತೆರೆಯುವವರೆಗೆ ನಿಜಾಮರ ರಾಜಧಾನಿಗೆ ಹೊರಗಿನಿಂದ ಇದ್ದ ರೈಲು ಬಾಗಿಲು ಇದೊಂದೇ. ದೊರೆಗಳು, ದಿವಾನರು, ವರ್ತಕರು, ಸಿಪಾಯಿಗಳು ಎಲ್ಲರೂ ಈ ಬಾಗಿಲಿನಿಂದಲೇ ಒಳಹೊಕ್ಕರು.

1884ರಲ್ಲಿ ಈ ಬಾಗಿಲನ್ನು ಹೊಕ್ಕವರಲ್ಲಿ ಕೆಲವರು ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಪಾದ್ರಿಗಳು. ತಮ್ಮ ದಕ್ಷಿಣ ಭಾರತ ವಾರ್ಷಿಕ ಸಮ್ಮೇಳನಕ್ಕೆಂದು ಅವರು ಹೈದರಾಬಾದಿಗೆ ಹೊರಟಿದ್ದರು. ಹೆಸರು ದಕ್ಷಿಣ ಭಾರತವೆಂದಿದ್ದರೂ ಅದರ ವ್ಯಾಪ್ತಿ ನಮ್ಮ ಭೂಗೋಳಕ್ಕೆ ಹೊಂದುವುದಿಲ್ಲ. ಬೊಂಬಾಯಿಯೂ ಅದರಲ್ಲಿತ್ತು, ಕಲ್ಕತ್ತೆಯೂ ಇತ್ತು, ಸಮುದ್ರದಾಚೆಯ ರಂಗೂನೂ ಇತ್ತು! ಆ ಸಮ್ಮೇಳನ ಕೈಗೊಂಡ ಒಂದು ತೀರ್ಮಾನದ ಕಥೆಯೇ ಇಂದಿನ ನನ್ನ ವಿಷಯ. ತಾನೇ ಇನ್ನೂ ನೆಟ್ಟಗೆ ನಿಲ್ಲದ ಒಂದು ಸಭೆ, ಪರದೇಶದಲ್ಲಿ ನೆರವು ಬೇಡಿದವರ ಬಳಿಗೆ ತನ್ನವರ ಒಂದು ತಂಡವನ್ನು ಕಳುಹಿಸಲು ಒಪ್ಪಿತು. ಧರ್ಮಪ್ರಚಾರಕರೆಂದರೆ ಹಡಗಿನಿಂದ ನಮ್ಮ ದಂಡೆಗೆ ಇಳಿಯುವವರು ಎಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಕುಳಿತಿದೆ. ನಮ್ಮ ದಂಡೆಯಿಂದ ಹಡಗು ಹತ್ತಿದವರ ಚಿತ್ರ ಅಷ್ಟಾಗಿ ಇಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1846ರಷ್ಟು ಹಿಂದೆಯೇ ಬಾಸೆಲ್ ನಗರಕ್ಕೆ ಹೋಗಿ, 1851ರಲ್ಲಿ ಪಾದ್ರಿಯಾಗಿ ಮರಳಿದ್ದು ನಿಜ. ಆದರೆ ಅದು ಕಲಿಯಲು ಹೋದ ಪ್ರಯಾಣ. ಹೈದರಾಬಾದಿನಲ್ಲಿ ನಿಶ್ಚಯವಾದದ್ದು ಕಲಿಸಲು, ಕಟ್ಟಲು ಹೊರಟ ಪ್ರಯಾಣ.

ಈ ಸಭೆ ಬಡವಾಗಿದ್ದುದು ಆಕಸ್ಮಿಕವಲ್ಲ. ಒಬ್ಬ ಮನುಷ್ಯನ ಹಟದಿಂದ ಅದು ಹಾಗಿತ್ತು. ಅವನ ಹೆಸರು ವಿಲಿಯಂ ಟೇಲರ್. 1821ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದವನು, ಚಿನ್ನದ ಹುಚ್ಚು ಹಿಡಿದಿದ್ದ ಕಾಲದ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ನಿಂತು ಉಪದೇಶ ಮಾಡಿದವನು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳನ್ನು ಸುತ್ತಿ 1870ರಲ್ಲಿ ಭಾರತಕ್ಕೆ ಬಂದ. ಮರುವರ್ಷ ಬೊಂಬಾಯಿಯಲ್ಲಿ ಸಭೆಗಳನ್ನು ಕಟ್ಟತೊಡಗಿದಾಗ ಅವನು ಹಾಕಿದ ಕಟ್ಟಳೆ ಒಂದೇ: ಸಭೆಯ ಉಪದೇಶಿಯ ಅನ್ನವನ್ನು ಆ ಸಭೆಯೇ ಹಾಕಬೇಕು. ಅಮೆರಿಕದ ಮಂಡಲಿ ಸಂಬಳ ಕೊಡತಕ್ಕದ್ದಲ್ಲ. ಸಂಬಳ ಕೊಡುವವನ ಮಾತು ನಡೆಯುತ್ತದೆ, ಉಣ್ಣುವವನ ಕೈ ಸೋಮಾರಿಯಾಗುತ್ತದೆ ಎಂಬುದು ಅವನ ಎಣಿಕೆ. ಆಗಿನ ಮಿಷನರಿ ಸಂಘಗಳಿಗೆ ಇದು ಸುಖದ ಮಾತಾಗಿರಲಿಲ್ಲ.

ಕಾಣಿಕೆ ಕೊಡಬಲ್ಲವರು ಯಾರು? ಆ ಕಾಲದಲ್ಲಿ ತಿಂಗಳಿಗೊಮ್ಮೆ ಕೈಯಲ್ಲಿ ನಗದು ಕಾಣುತ್ತಿದ್ದವರು ರೈಲ್ವೆಯ ಗಾರ್ಡುಗಳು, ಡ್ರೈವರುಗಳು, ತಂತಿ ಕಚೇರಿಯವರು, ಸರಕಾರಿ ಗುಮಾಸ್ತರು. ಇವರಲ್ಲಿ ಹೆಚ್ಚಿನವರು ಆಂಗ್ಲೋ-ಇಂಡಿಯನ್ನರು, ಇಲ್ಲವೇ ಇಲ್ಲಿ ನೆಲೆಸಿದ ಯುರೋಪಿಯನ್ನರು. ಹೀಗಾಗಿ ಟೇಲರನ ಸಭೆಗಳು ರೈಲುಹಳಿಯ ಗುಂಟ ಬೆಳೆದವು, ಇಂಗ್ಲಿಷಿನಲ್ಲಿ ಹಾಡಿದವು, ಇಂಗ್ಲಿಷಿನಲ್ಲಿ ಪ್ರಾರ್ಥಿಸಿದವು. ಅವುಗಳ ಬಲವೂ ಇದೇ, ಕೊರತೆಯೂ ಇದೇ.

ಈಗ ಆ ಗಾಡಿಯ ಕಿಟಕಿಯಿಂದ ಹೊರಗೆ ನೋಡೋಣ. ಶಹಾಬಾದಿನ ಕಲ್ಲಿನ ಪದರುಗಳು. ದಖ್ಖನಿನ ಎಷ್ಟೋ ಮನೆಗಳ ನೆಲಗಟ್ಟು ಅಲ್ಲಿಂದ ಎದ್ದದ್ದು. ವಾಡಿಯನ್ನು ಬಿಟ್ಟು ಪೂರ್ವಕ್ಕೆ ಹೊರಳಿದರೆ ಚಿತ್ತಾಪುರ. ಅದರ ಮಗ್ಗುಲಲ್ಲೇ ಹಳೆಯ ವಿದ್ಯಾಕೇಂದ್ರವಾಗಿದ್ದ ನಾಗಾವಿ. ಮುಂದೆ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗದಂಥ ಗ್ರಂಥ ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆಮೇಲೆ ಸೇಡಂ. ಉತ್ತರಕ್ಕೆ, ಹಳಿಯಿಂದ ದೂರವಾಗಿ, ಕಾಡನ್ನು ಬೆನ್ನಿಗಿಟ್ಟುಕೊಂಡ ಚಿಂಚೋಳಿ. ಅಲ್ಲಿಯವರು ರೈಲು ಹಿಡಿಯಲು ತಾಂಡೂರಿಗೆ ಬರಬೇಕು. ಕನ್ನಡದ ಹಳೆಯ ಮನೆಯಂಗಳವೆಂದರೆ ಇದೇ. ಆದರೆ 1880ರ ದಶಕದಲ್ಲಿ ಈ ಅಂಗಳದ ರೈತನ ಮಾತಿಗೆ ಎಲ್ಲಿ ಬೆಲೆಯಿತ್ತು? ಸಂಸ್ಥಾನದ ಕಚೇರಿಗಳಲ್ಲಿ ಆ ಹೊತ್ತಿಗೆ ಪಾರಸಿ ಹೋಗಿ ಉರ್ದು ಬಂತು, ಕನ್ನಡ ಬರಲಿಲ್ಲ. ಹಳಿಯ ಮೇಲಿನ ಸಭೆಯಲ್ಲಿ ಇಂಗ್ಲಿಷ್ ಇತ್ತು. ಹೈದರಾಬಾದಿಗೆ ಹೊರಟ ಪಾದ್ರಿಗಳು ಇಷ್ಟನ್ನೂ ಹಾದುಹೋದರು. ತಮ್ಮ ಮುಂದಿನ ಕೆಲಸವೆಲ್ಲಿ ಎಂಬ ಪ್ರಶ್ನೆ ಬಂದಾಗ ಅವರ ಬೆರಳು ಹೊರಳಿದ್ದು ಸಿಂಗಪುರದ ಕಡೆಗೆ.

ಏಕೆ ಸಿಂಗಪುರ? ಅಲ್ಲಿ ಚಾರ್ಲ್ಸ್ ಫಿಲಿಪ್ಸ್ ಎಂಬ ಇಂಗ್ಲಿಷರವನೊಬ್ಬನು, ನಾವಿಕರ ವಸತಿಗೃಹದ ಮೇಲ್ವಿಚಾರಕ, ಮೆಥೊಡಿಸ್ಟರು ಬರಬೇಕೆಂದು ಪತ್ರ ಬರೆದಿದ್ದನು. ಕಲ್ಕತ್ತೆಯಲ್ಲಿದ್ದ ಜೇಮ್ಸ್ ಥೋಬರ್ನರು ಆ ಕರೆಯನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಅಮೆರಿಕದ ಓಹಾಯೋದವರು, 1859ರಿಂದ ಭಾರತದಲ್ಲಿದ್ದವರು. ರಂಗೂನಿನ ಸಭೆಯನ್ನು 1879ರಲ್ಲಿ ನೆಲೆಗೊಳಿಸಿದ ಅನುಭವವೂ ಅವರಿಗಿತ್ತು. ಆದರೆ ಸಿಂಗಪುರದಲ್ಲಿ ನೆಲೆನಿಲ್ಲುವವರು ಬೇರೊಬ್ಬರು ಬೇಕಿತ್ತು. ಸಮ್ಮೇಳನ ಆರಿಸಿದ ಹೆಸರು ವಿಲಿಯಂ ಫಿಟ್ಜ್‌ಜೇಮ್ಸ್ ಓಲ್ಡಂ.

ಈ ಓಲ್ಡಂ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು, 1854ರ ಡಿಸೆಂಬರ್ 15ರಂದು. ತಂದೆ ಸೈನ್ಯದಲ್ಲಿದ್ದರು. ಮಗ ಮದರಾಸಿನಲ್ಲಿ ಓದಿ ಸರಕಾರಿ ಸರ್ವೇಯರನಾದನು. ನೆಲವನ್ನು ಅಳೆಯುವುದು, ಸರಪಳಿ ಹಿಡಿಸುವುದು ಅವನ ಕಸುಬು. ಪುಣೆಯಲ್ಲಿ ಮೆಥೊಡಿಸ್ಟರ ಕೂಟವೊಂದಕ್ಕೆ ಹೋದದ್ದು ಅವನ ಬಾಳಿನ ತಿರುವಾಯಿತು. ಕೆಲಸ ಬಿಟ್ಟು ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯದ ಅಲೆಘೆನಿ ಕಾಲೇಜಿನಲ್ಲಿ ಓದಿದನು. ಹೆಂಡತಿ ಮೇರಿಯೂ ಅಲ್ಲಿ ಮೌಂಟ್ ಹೋಲಿಯೋಕಿನಲ್ಲಿ ಓದಿದರು. ಓದು ಮುಗಿಸಿ ಭಾರತಕ್ಕೆ ಹಿಂದಿರುಗುತ್ತಿದ್ದ ಆ ದಿನಗಳಲ್ಲೇ ಇತ್ತ ಹೈದರಾಬಾದಿನಲ್ಲಿ ಅವರ ಹೆಸರಿನ ಮುಂದೆ ಸಿಂಗಪುರವೆಂದು ಬರೆದಾಗಿತ್ತು. ಮೆಥೊಡಿಸ್ಟರಲ್ಲಿ ಪಾದ್ರಿ ತನ್ನ ಊರನ್ನು ತಾನು ಆರಿಸಿಕೊಳ್ಳುವ ಪದ್ಧತಿಯಿಲ್ಲ. ಬಿಷಪ್ಪರು ಕಳುಹಿಸಿದೆಡೆಗೆ ಹೋಗಬೇಕು.

ನ್ಯೂಯಾರ್ಕಿನ ಬೊಕ್ಕಸದಿಂದ ಈ ಕೆಲಸಕ್ಕೆ ಹಣವಿರಲಿಲ್ಲ. ದಾರಿಯ ಖರ್ಚನ್ನು ಇಲ್ಲಿಯೇ ಹೊಂದಿಸಿಕೊಂಡು ತಂಡ ಕಲ್ಕತ್ತೆಯಿಂದ ರಂಗೂನಿನ ಮೇಲೆ ಹೊರಟಿತು. ನಾಲ್ಕೇ ಜನ: ಥೋಬರ್ನ್, ವೈದ್ಯೆಯಾಗಿದ್ದ ಅವರ ಪತ್ನಿ ಆನಾ, ಓಲ್ಡಂ, ಮತ್ತು ಹಾಡುಗಾರಿಕೆಗೆ ನೆರವಾಗಲೆಂದು ಬಂದ ಜೂಲಿಯಾ ಬ್ಯಾಟಿ ಎಂಬ ತರುಣಿ. 1885ರ ಫೆಬ್ರವರಿ 7ರಂದು ಸಿಂಗಪುರದ ಕಟ್ಟೆಯಲ್ಲಿ ಇಳಿದಾಗ ಫಿಲಿಪ್ಸ್ ಕಾದು ನಿಂತಿದ್ದನು. ಇವರನ್ನು ಹಿಂದಿನ ರಾತ್ರಿಯ ಕನಸಿನಲ್ಲಿ ಕಂಡಿದ್ದೆನೆಂದೂ ಅದರಿಂದಲೇ ಗುರುತು ಹಿಡಿದೆನೆಂದೂ ಅವನು ಹೇಳಿದನಂತೆ. ಕನಸಿನ ಮಾತನ್ನು ನಂಬುವವರು ನಂಬಲಿ. ಕಟ್ಟೆಯಲ್ಲಿ ಕಾಯುವವನೊಬ್ಬ ಇದ್ದನೆಂಬುದು ಮುಖ್ಯ. ಕರೆದವನಿಲ್ಲದೆ ಹೋಗುವ ನೆರವಿಗೂ ಕರೆದವನಿದ್ದಲ್ಲಿಗೆ ಹೋಗುವ ನೆರವಿಗೂ ಬಹಳ ಅಂತರವುಂಟು.

ಪುರಭವನದಲ್ಲಿ ಎರಡು ವಾರ ಕೂಟಗಳು ನಡೆದವು. ಫೆಬ್ರವರಿ 23ರಂದು ಸಣ್ಣದೊಂದು ಸಭೆ ವಿಧಿವತ್ತಾಗಿ ಏರ್ಪಟ್ಟಿತು. ಥೋಬರ್ನ್ ದಂಪತಿಗಳು ಮರಳಿದರು. ಇಂದು ಹಲವು ದೇಶಗಳ ಸಭೆಗಳಿಂದ ಎರಡು ವಾರದ ಮಟ್ಟಿಗೆ ಪರದೇಶದ ಬಂಧುಸಭೆಗಳಿಗೆ ಹೋಗಿ, ಗೋಡೆಗೆ ಸುಣ್ಣ ಬಳಿದು, ಮಕ್ಕಳೊಡನೆ ಹಾಡಿ, ಚಿತ್ರ ತೆಗೆಸಿಕೊಂಡು ಬರುವ ತಂಡಗಳಿವೆ. ಅವರ ಸದ್ಭಾವವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ 1885ರ ಕಥೆ ಎರಡು ವಾರಕ್ಕೆ ಮುಗಿದಿದ್ದರೆ ಅದನ್ನು ಈಗ ಯಾರೂ ನೆನೆಯುತ್ತಿರಲಿಲ್ಲ. ಒಬ್ಬ ಮನುಷ್ಯ ಹಿಂದೆ ಉಳಿದ, ಆದ್ದರಿಂದ ಅದು ಕಥೆಯಾಯಿತು.

ಉಳಿದವನು ಮಾಡಿದ್ದೇನು? ಸರ್ವೇಯರನ ಕಣ್ಣಿನಿಂದ ಊರನ್ನು ಅಳೆದ. ಇಂಗ್ಲಿಷಿನವರ ಸಣ್ಣ ಸಭೆಗೆ ಉಪದೇಶ ಮಾಡುತ್ತ ಕುಳಿತರೆ ಚೀನಿಯರ ಮಲಯರ ತಮಿಳರ ಆ ಊರು ತನ್ನ ಹೊರಗೇ ಉಳಿಯುವುದೆಂದು ಅವನಿಗೆ ಬಹುಬೇಗ ತಿಳಿಯಿತು. ಚೀನೀ ವರ್ತಕರ ಒಂದು ಚರ್ಚಾಕೂಟವಿತ್ತು. ಅಲ್ಲಿಗೆ ಹೋಗಿ ಓಲ್ಡಂ ಮಾಡಿದ ಮೊದಲ ಭಾಷಣ ಬೈಬಲನ್ನು ಕುರಿತದ್ದಲ್ಲ, ಖಗೋಳ ವಿಜ್ಞಾನವನ್ನು ಕುರಿತದ್ದು! ಅದು ನಡೆದದ್ದು ಟಾನ್ ಕಿಯೋಂಗ್ ಸಾಯಕ್ ಎಂಬ ವರ್ತಕನ ಮನೆಯಲ್ಲಿ. ತಮಗೂ ತಮ್ಮ ಮಕ್ಕಳಿಗೂ ಇಂಗ್ಲಿಷ್ ಕಲಿಸಿರೆಂಬ ಬೇಡಿಕೆ ಅಲ್ಲಿಂದ ಹುಟ್ಟಿತು. 1886ರ ಮಾರ್ಚ್ 1ರಂದು ಅಮಾಯ್ ಬೀದಿಯ ಅಂಗಡಿಮನೆಯೊಂದರಲ್ಲಿ ಹದಿಮೂರು ಹುಡುಗರೊಡನೆ ಶಾಲೆ ಆರಂಭವಾಯಿತು. ಇಂಗ್ಲಿಷಿನ ಜೊತೆಗೆ ಚೀನೀ ಭಾಷೆಯನ್ನೂ ಕಲಿಸಿದ್ದರಿಂದ ಅದು ಆಂಗ್ಲೋ-ಚೈನೀಸ್ ಶಾಲೆ. ಇಂದಿಗೂ ಸಿಂಗಪುರದ ಹೆಸರಾಂತ ವಿದ್ಯಾಸಂಸ್ಥೆಗಳಲ್ಲೊಂದು. ಹಣ ಕೊಟ್ಟವರು ಆ ಚೀನೀ ವರ್ತಕರೇ. 1887ರಲ್ಲಿ ಸೋಫಿಯಾ ಬ್ಲ್ಯಾಕ್‌ಮೋರ್ ಎಂಬ ಆಸ್ಟ್ರೇಲಿಯದ ಮಹಿಳೆ ಬಂದು ಒಂಬತ್ತು ತಮಿಳು ಹುಡುಗಿಯರಿಗಾಗಿ ಶಾಲೆ ತೆರೆದರು. ಟೇಲರನ ಕಟ್ಟಳೆ ಟೇಲರನು ಎಣಿಸದ ರೀತಿಯಲ್ಲಿ ಫಲಿಸಿತು ಎನ್ನಬೇಕು: ಸಂಸ್ಥೆಯನ್ನು ಹೊತ್ತು ನಿಲ್ಲಿಸಿದವರು ಅದೇ ನೆಲದ ಜನ, ಆದರೆ ಅವರಲ್ಲಿ ಹೆಚ್ಚಿನವರು ಆ ಸಭೆಗೆ ಸೇರಿದವರಲ್ಲ. 1889ರಲ್ಲಿ ಆರೋಗ್ಯ ಕೆಟ್ಟು ಓಲ್ಡಂ ಸಿಂಗಪುರ ಬಿಟ್ಟರು. 1904ರಲ್ಲಿ ಬಿಷಪ್ಪರಾಗಿ ಆ ಕಡೆಗೆ ಮತ್ತೆ ಬಂದರು.

ಇತ್ತ ನಮ್ಮ ಹಳಿಯ ಪಕ್ಕದ ಊರುಗಳಿಗೆ ಏನಾಯಿತು? ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಸಮುದ್ರ ದಾಟಿದವರ ಧೈರ್ಯವನ್ನು ಮೆಚ್ಚುತ್ತೇನೆ. ಆದರೆ ಅಮಾಯ್ ಬೀದಿಯಲ್ಲಿ ಮಕ್ಕಳಿಗೆ ಅವರದೇ ಭಾಷೆಯನ್ನೂ ಕಲಿಸಬೇಕೆಂದು ತಿಳಿದ ಸಭೆ, ಸೇಡಮ್ಮಿನ ಚಿತ್ತಾಪುರದ ಮಕ್ಕಳ ಭಾಷೆಯನ್ನು ಗಾಡಿಯ ಕಿಟಕಿಯಿಂದ ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಮರೆಯಲಾರೆ. ಅದರ ಕಾರಣವೂ ಸ್ಪಷ್ಟ. ಚೀನೀ ವರ್ತಕನಲ್ಲಿ ಹಣವಿತ್ತು. ಜೋಳ ತೊಗರಿ ಬೆಳೆಯುವ ಇಲ್ಲಿಯ ಕೂಲಿಕಾರನಲ್ಲಿ ಇರಲಿಲ್ಲ. ಉಪದೇಶಿಗೆ ಅನ್ನ ಹಾಕಲಾರದವನ ಊರಿಗೆ ಸ್ವಾವಲಂಬನೆಯ ಸಭೆ ಹೋಗುವುದಾದರೂ ಹೇಗೆ? ಟೇಲರನ ಕಟ್ಟಳೆ ಪರಾವಲಂಬನೆಯಿಂದ ಕಾಪಾಡಿತು ನಿಜ, ಕಡುಬಡವನಿಂದಲೂ ದೂರ ಇಟ್ಟಿತು.

ಕಟ್ಟಳೆ ಕ್ರಮೇಣ ಸಡಿಲವಾಯಿತು. ಅಮೆರಿಕದ ಹಣ ಬಂತು. ಅದರೊಂದಿಗೆ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಮೆಥೊಡಿಸ್ಟರ ಕನ್ನಡದ ಕೆಲಸವೂ, ಶಾಲೆ ಆಸ್ಪತ್ರೆಗಳೂ ಬಂದವು. ಈ ಸಭೆಗಳಿಗೆ ಸೇರಿದವರಲ್ಲಿ ಬಹುಪಾಲು ಜನ ಊರ ಹೊರಗಿನ ಕೇರಿಗಳವರು. ಸಂಸ್ಥಾನದ ಯಾವ ಕಚೇರಿಯಲ್ಲಿಯೂ ಕುರ್ಚಿ ಕಾಣದವರು. 1947ರಲ್ಲಿ ದಕ್ಷಿಣ ಭಾರತದ ಹಲವು ಸಭೆಗಳು ಒಂದುಗೂಡಿದಾಗ ಇವರ ಸಭೆ ಸೇರದೆ ಉಳಿಯಿತು. 1981ರಲ್ಲಿ ಅಮೆರಿಕದ ಆಡಳಿತದಿಂದ ಬೇರ್ಪಟ್ಟು ಭಾರತದ ಮೆಥೊಡಿಸ್ಟ್ ಸಭೆಯಾಯಿತು. ಟೇಲರನು ಬಯಸಿದ ಸ್ವಾತಂತ್ರ್ಯ, ಅವನು ಬೇಡವೆಂದ ದಾರಿಯನ್ನೇ ಸುತ್ತಿಕೊಂಡು, ನೂರು ವರ್ಷ ತಡವಾಗಿ ಬಂತು.

ಯಾದಗಿರಿಯ ಮಿಷನ್ ಆಸ್ಪತ್ರೆಗೆ ಹೋಲ್‌ಸ್ಟನ್ ಸ್ಮಾರಕ ಆಸ್ಪತ್ರೆ ಎಂದು ಹೆಸರು. ಹೋಲ್‌ಸ್ಟನ್ ಎಂಬುದು ಯಾವ ದೊರೆಯ ಹೆಸರೂ ಅಲ್ಲ, ಪಾದ್ರಿಯದೂ ಅಲ್ಲ. ಅದು ಅಮೆರಿಕದ ಟೆನ್ನೆಸ್ಸಿ ಸೀಮೆಯ ಒಂದು ನದಿ. ಆ ನದಿಯ ಹೆಸರನ್ನು ಇಟ್ಟುಕೊಂಡ ಅಲ್ಲಿಯ ಮೆಥೊಡಿಸ್ಟ್ ಸಮ್ಮೇಳನದ ನೆನಪಿಗೆ ಭೀಮಾತೀರದ ಈ ಆಸ್ಪತ್ರೆ. ಅಲ್ಲಿಗೆ ವಾಡಿಯ ಕಡೆಯಿಂದ ಹೋಗುವವರು ಹಿಡಿಯುವುದು ರಾಯಚೂರಿನ ಗಾಡಿಯನ್ನು. ಹೈದರಾಬಾದಿನ ಹಳಿ ಅಲ್ಲಿಂದಲೇ ಇನ್ನೊಂದು ಕಡೆಗೆ ಹೊರಳುತ್ತದೆ.